ಕೆರೆಯಂತೆ ಕಾಣುವ ಪ್ಯಾನೆಲ್, ಪೊಟರೆಯಂತೆ ಕಾಣುವ ಪೈಪು

ಸೋಲಾರ್‌ನಿಂದ ಹಕ್ಕಿಗಳು ಸಾಯುತ್ತವೆ ಎಂದ ಕೂಡಲೇ ಎಲ್ಲರೂ ಎತ್ತುವುದು ಗೋಪುರದ ಮಾತು. ಕ್ಯಾಲಿಫೋರ್ನಿಯಾದ ಇವಾನ್‌ಪಾದಲ್ಲಿ ಸಾವಿರಾರು ಕನ್ನಡಿಗಳು ಸುಮಾರು 140 ಮೀಟರ್ ಎತ್ತರದ ಗೋಪುರಗಳ ತುದಿಗೆ ಬಿಸಿಲು ಹಾಯಿಸುವಂತೆ ಕಟ್ಟಿದ್ದಾರೆ. ಆ ಬೆಳಕಿಗೆ ಅಡ್ಡ ಬಂದ ಹಕ್ಕಿಯ ಗರಿ ಸುಟ್ಟು ಸುರುಟಿಹೋಗುತ್ತದೆ. ಘೋರವೇ ಸರಿ. ಆದರೆ ಜಗತ್ತಿನ ತುಂಬ ಹರಡುತ್ತಿರುವುದು ಗೋಪುರವಲ್ಲ, ಮಾಮೂಲಿ ಪ್ಯಾನೆಲ್. ಅದರ ಹಾನಿಯಲ್ಲಿ ಹೊಗೆ ಏಳುವುದಿಲ್ಲ, ಹಾಗಾಗಿ ಸುದ್ದಿಯೂ ಆಗುವುದಿಲ್ಲ. ಅದರಲ್ಲಿ ಎಷ್ಟೋ ಪಾಲನ್ನು ನಕ್ಷೆ ಬರೆಯುವಾಗಲೇ ತಪ್ಪಿಸಬಹುದಿತ್ತು ಎಂಬುದೇ ನನ್ನ ಸಂಕಟ.

ಒಂದು ಪೈಪನ್ನೇ ನೋಡಿ. ಬೇಲಿಗೋ ಗುರುತಿಗೋ ನೆಟ್ಟ ಟೊಳ್ಳು ಪೈಪಿನ ಮೇಲ್ಬಾಯಿ ತೆರೆದೇ ಉಳಿದಿರುತ್ತದೆ. ಪೊಟರೆಯಲ್ಲಿ ಗೂಡು ಕಟ್ಟುವ ಹಕ್ಕಿ ಇಣುಕಿ ಒಳಗಿಳಿಯುತ್ತದೆ. ಒಳಗೋಡೆ ನುಣುಪು, ಉಗುರು ಊರುವುದಿಲ್ಲ. ರೆಕ್ಕೆ ಬಿಚ್ಚಲು ಜಾಗವಿಲ್ಲ. ಹೊರಗಿನಿಂದ ಏನೂ ತಿಳಿಯದು. ಪೈಪ್ ಕಿತ್ತು ಮಗುಚಿದಾಗಲೇ ಮೂಳೆ, ಒಣಗರಿ ಉದುರುವುದು. ಬೇಕಿದ್ದುದು ಒಂದೇ ಒಂದು ಮುಚ್ಚಳ. ತೆಳು ಪ್ಲಾಸ್ಟಿಕ್‌ನದು ಬಿಸಿಲಿಗೆ ಸೀಳುತ್ತದೆ, ಲೋಹದ್ದೇ ಹಾಕಬೇಕು.

ಇನ್ನು ನೀರಿನ ಭ್ರಮೆ. ನಯವಾದ ಕಪ್ಪು ಗಾಜಿನಿಂದ ಪ್ರತಿಫಲಿಸುವ ಬೆಳಕು ನೀರಿನ ಮೇಲಿನದರಂತೆಯೇ ಧ್ರುವೀಕರಣಗೊಂಡಿರುತ್ತದೆ (ಅಂದರೆ ಅದರ ಅಲೆಗಳು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುತ್ತವೆ), ಕೆಲವೊಮ್ಮೆ ನೀರಿಗಿಂತಲೂ ಬಲವಾಗಿ. ನೀರಿನಲ್ಲಿ ಮೊಟ್ಟೆಯಿಡುವ ಮೇಫ್ಲೈಯಂಥ ಹುಳುಗಳು ಇದನ್ನೇ ನಂಬಿ ಪ್ಯಾನೆಲ್ ಮೇಲೆ ಮೊಟ್ಟೆಯಿಡುತ್ತವೆ. ಮೊಟ್ಟೆ ಒಣಗಿ ಹಾಳಾಗುತ್ತದೆ. ಪ್ಯಾನೆಲನ್ನು ತೆಳು ಬಿಳಿ ಗೆರೆಗಳಿಂದ ಚೌಕಚೌಕವಾಗಿ ಒಡೆದರೆ ಈ ಸೆಳೆತ ಬಹಳ ತಗ್ಗುತ್ತದೆಂದು 2010ರಷ್ಟು ಹಿಂದೆಯೇ ಪ್ರಯೋಗ ಮಾಡಿ ತೋರಿಸಿದ್ದಾರೆ. ನೀರುಹಕ್ಕಿಗಳ ಶವಗಳೂ ಮರುಭೂಮಿಯ ಪ್ಯಾನೆಲ್‌ಗಳ ನಡುವೆ ಸಿಕ್ಕಿವೆ. ಗುಳುಮುಳುಕದ ಜಾತಿಯವುಗಳ ಕಾಲು ದೇಹದ ತೀರಾ ಹಿಂದಿರುತ್ತದೆ, ನೀರಿನ ಮೇಲೆ ಓಡಿಯೇ ಅವು ಮೇಲೇಳಬೇಕು. ಗಟ್ಟಿ ನೆಲಕ್ಕಿಳಿದರೆ ಗಾಯವಾಗದಿದ್ದರೂ ಹಾರಲಾಗದು. ಬಿಸಿಲಿಗೋ ನರಿಗೋ ಬಲಿ. ಆದ್ದರಿಂದ ಅಂಥ ಕಡೆ ಕಾವಲಿನವರ ಕೈಯಲ್ಲಿ ಗಾಳಿಯಾಡುವ ರಟ್ಟಿನ ಪೆಟ್ಟಿಗೆ ಇರಲಿ, ಬೆಳಗಿನ ಗಸ್ತಿನಲ್ಲಿ ಸಿಕ್ಕಿದ್ದನ್ನು ಅರಣ್ಯ ಇಲಾಖೆಯವರ ಮೂಲಕ ನೀರಿಗೆ ಮುಟ್ಟಿಸಬಹುದು.

ಬೇಲಿಯ ಬುಡದಲ್ಲಿ 15–20 ಸೆಂಟಿಮೀಟರ್ ಬಿಟ್ಟರೆ ಮೊಲ, ಆಮೆಯಂಥವು ನುಸುಳುತ್ತವೆ. ದೊಡ್ಡ ಪ್ರಾಣಿಗಳಿಗೆ ಅದು ಸಾಲದು. ಇಡೀ ಜಾಗಕ್ಕೆ ಒಂದೇ ಬೇಲಿ ಸುತ್ತುವ ಬದಲು ಬ್ಲಾಕ್ ಬ್ಲಾಕಾಗಿ ಹಾಕಿ, ಹಳ್ಳದ ದಾರಿಯನ್ನು ಬೇಲಿಯ ಹೊರಗೇ ಬಿಡಬೇಕು. ಹುಲ್ಲನ್ನು ಹಕ್ಕಿಗಳು ಗೂಡು ಕಟ್ಟುವ ಕಾಲ ಮುಗಿದ ಮೇಲೆ ಕೊಯ್ದರಾಯಿತು.

ವಿದ್ಯುತ್ ಹೊರಗೆ ಒಯ್ಯುವ ತಂತಿಯನ್ನಂತೂ ಯೋಜನೆಯ ಪರಿಣಾಮದೊಳಗೆ ಸೇರಿಸದೆ ಬಿಡುವುದು ದೊಡ್ಡ ತಪ್ಪು. ಥಾರ್ ಮರುಭೂಮಿಯ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) 15 ಕಿಲೋವರೆಗೂ ತೂಗುವ ಹಕ್ಕಿ. ಎದುರಿನ ನೋಟ ಕಿರಿದು, ತಂತಿ ಕಾಣುವಷ್ಟರಲ್ಲಿ ತಿರುಗಲು ಹೊತ್ತಿರುವುದಿಲ್ಲ. 2021ರಲ್ಲಿ ಸುಪ್ರೀಂ ಕೋರ್ಟ್ ಈ ತಂತಿಗಳ ವಿಷಯದಲ್ಲಿ ಆದೇಶ ಕೊಡಬೇಕಾಗಿ ಬಂತು. ತಂತಿಗೆ ತೂಗುಹಾಕುವ ಎಚ್ಚರಿಕೆ ಬಿಲ್ಲೆಗಳು ಅಪಾಯ ತಗ್ಗಿಸುತ್ತವೆ, ಇಲ್ಲವಾಗಿಸುವುದಿಲ್ಲ.

ಕೊನೆಗೆ ಸತ್ತ ಹಕ್ಕಿಗಳ ಲೆಕ್ಕ. ಶವ ಬಿದ್ದ ರಾತ್ರಿಯೇ ನರಿ, ನಾಯಿ ಒಯ್ದಿರುತ್ತವೆ; ಉಳಿದ ಚಿಕ್ಕ ಹಕ್ಕಿ ಹುಲ್ಲಿನಲ್ಲಿ ಕಣ್ಣಿಗೇ ಬೀಳದು. ಆದ್ದರಿಂದ ಗೊತ್ತಿರುವ ಸಂಖ್ಯೆಯ ಶವಗಳನ್ನು ಮೊದಲೇ ಇಟ್ಟು, ಎಷ್ಟು ದಿನ ಉಳಿದವು, ಹುಡುಕುವವರಿಗೆ ಎಷ್ಟು ಸಿಕ್ಕವು ಎಂದು ಅಳೆದು, ಅದರಂತೆ ಎಣಿಕೆ ತಿದ್ದಬೇಕು. ಈ ತಿದ್ದುಪಡಿಯಿಲ್ಲದ ವರದಿಯಲ್ಲಿ ‘ಸಾವು 3’ ಎಂದಿದ್ದರೆ, ಸಿಕ್ಕಿದ್ದು 3 ಎಂದಷ್ಟೇ ಓದಿಕೊಳ್ಳಿ.