ಪರ-ವಿರೋಧ: ತರಗತಿಗೆ ವರ್ತನಾವಾದ ಇನ್ನೂ ಬೇಕೇ?

ಪರ: ಸರಿಯೋ ತಪ್ಪೋ, ಆಗಲೇ ಹೇಳಿ

1953ರಲ್ಲಿ ಅಮೆರಿಕದ ವರ್ತನಾವಾದಿ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ತಮ್ಮ ಮಗಳ ಗಣಿತ ತರಗತಿ ನೋಡಲು ಹೋಗಿದ್ದರು. ಕೆಲವು ಮಕ್ಕಳು ಲೆಕ್ಕ ಮುಗಿಸಿ ಸುಮ್ನೆ ಕೂತಿದ್ದರು. ಕೆಲವರು ಮೊದಲ ಲೆಕ್ಕದಲ್ಲೇ ಒದ್ದಾಡುತ್ತಿದ್ದರು. ಮಾಡಿದ್ದು ಸರಿಯಾ ತಪ್ಪಾ ಅಂತ ಯಾರಿಗೂ ಆಗಲೇ ಗೊತ್ತಾಗುತ್ತಿರಲಿಲ್ಲ. ಮರುವರ್ಷವೇ ಸ್ಕಿನ್ನರ್ ಕಲಿಸುವ ಯಂತ್ರವೊಂದನ್ನು ಮಾಡಿ ತೋರಿಸಿದರು. ಒಂದು ಪ್ರಶ್ನೆ, ಒಂದು ಉತ್ತರ, ಫಲಿತಾಂಶ ಅಲ್ಲೇ.

ಫಲ ಸಿಕ್ಕ ವರ್ತನೆ ಉಳಿಯುತ್ತದೆ, ಕಲಿಕೆ ಆಗುವುದೇ ಹಾಗೆ ಅನ್ನುವುದು ವರ್ತನಾವಾದ. ಅದರಲ್ಲಿ ನನಗೆ ಬೇಕಾದ್ದು ಈ ತಕ್ಷಣದ ಫಲಿತಾಂಶವೇ. ಮನಶ್ಶಾಸ್ತ್ರಜ್ಞ ಥಾರ್ನ್‌ಡೈಕ್ ಅವರ ಬೆಕ್ಕಿನ ಕಥೆಯನ್ನು ಪರೀಕ್ಷೆಗೆ ಓದಿ ಮರೆಯುವವರೇ ಜಾಸ್ತಿ. ಪೆಟ್ಟಿಗೆಯಲ್ಲಿ ಕೂಡಿಹಾಕಿದ ಬೆಕ್ಕು ಮೊದಮೊದಲು ಎಲ್ಲೆಲ್ಲೋ ಪರಚಿತು. ಅಕಸ್ಮಾತ್ತಾಗಿ ಬಾಗಿಲು ತೆರೆದು ತಿನಿಸು ಸಿಕ್ಕಿತು. ಮತ್ತೆ ಮತ್ತೆ ಒಳಗೆ ಬಿಟ್ಟಾಗ ಬೇಗ ಹೊರಬರತೊಡಗಿತು. ಫಲ ಕೊಟ್ಟ ಕೆಲಸ ಉಳಿಯಿತು, ಮಿಕ್ಕದ್ದು ಬಿಟ್ಟುಹೋಯಿತು. 1898ರಷ್ಟು ಹಳೆಯ ಮಾತು, ಆದರೂ ನನ್ನ ತರಗತಿಯಲ್ಲಿ ದಿನಾ ಕಾಣುತ್ತದೆ.

ಭಿನ್ನರಾಶಿ ಕೂಡಿಸುವಾಗ ಛೇದಗಳನ್ನೂ ಕೂಡಿಸಿಬಿಡುವ ಮಕ್ಕಳು ಪ್ರತಿ ವರ್ಷ ಇರುತ್ತಾರೆ. ಹತ್ತು ಲೆಕ್ಕ ಹಾಗೇ ಮಾಡಲು ಬಿಟ್ಟು ನಾಳೆ ತಿದ್ದಿದರೆ, ತಪ್ಪನ್ನೇ ಹತ್ತು ಸಲ ಅಭ್ಯಾಸ ಮಾಡಿಸಿದ ಹಾಗಾಯಿತು. ಅದಕ್ಕೇ ನಾನು ಹೆಜ್ಜೆಗಳನ್ನು ಒಡೆಯುತ್ತೇನೆ. ಮೊದಲು ಛೇದ ಒಂದೇ ಇರುವ ಲೆಕ್ಕ. ಆಮೇಲೆ ಒಂದು ಛೇದ ಇನ್ನೊಂದರಿಂದ ಭಾಗವಾಗುವಂಥದ್ದು. ಆಮೇಲೆ ಉಳಿದವು. ಪ್ರತಿ ಲೆಕ್ಕ ಮುಗಿದ ಕೂಡಲೇ ಉತ್ತರ ನೋಡಬೇಕು. ಹಿಂದೆ ಬಿದ್ದ ಮಗುವಿಗೆ ‘ಸರಿ’ ಎಂಬ ಮಾತು ಕೇಳಿಸುವುದೇ ಅಪರೂಪ. ಅದು ದಿನಾ ಕಿವಿಗೆ ಬೀಳತೊಡಗಿದರೆ ನೋಟ್‌ಬುಕ್ ತೆರೆಯುವ ರೀತಿಯೇ ಬದಲಾಗುತ್ತದೆ.

ಪುರಾವೆ ಬೇಕೇ? ಅಮೆರಿಕದಲ್ಲಿ ಬಡ ಮಕ್ಕಳಿಗಾಗಿ 1968ರಲ್ಲಿ ಶುರುವಾದ ‘ಫಾಲೋ ಥ್ರೂ’ ಯೋಜನೆಯಲ್ಲಿ ಹಲವು ಬೋಧನಾ ವಿಧಾನಗಳನ್ನು ಹೋಲಿಸಿದರು. 1977ರ ಮೌಲ್ಯಮಾಪನದಲ್ಲಿ ಓದು, ಲೆಕ್ಕದಂಥ ಮೂಲ ಕೌಶಲಗಳಲ್ಲಿ ಮುಂದೆ ನಿಂತದ್ದು ‘ಡೈರೆಕ್ಟ್ ಇನ್‌ಸ್ಟ್ರಕ್ಷನ್’. ಸಣ್ಣ ಹೆಜ್ಜೆ, ಗಟ್ಟಿ ಅಭ್ಯಾಸ, ತಕ್ಷಣದ ತಿದ್ದುಪಡಿ. ಆ ಮಕ್ಕಳಿಗೆ ತಮ್ಮ ಮೇಲಿದ್ದ ನಂಬಿಕೆಯೂ ಚೆನ್ನಾಗಿತ್ತು. ಇದನ್ನು ವಿರೋಧಿಗಳು ಹೇಳುವುದೇ ಇಲ್ಲ, ಅಲ್ವಾ?

ಬಹುಮಾನ ಕೊಟ್ಟರೆ ಒಳಗಿನ ಆಸಕ್ತಿ ಸಾಯುತ್ತದಂತೆ. ಸರಿ, ಅದು ತಾನಾಗಿ ಹುಟ್ಟಲಿ ಅಂತ ಕಿಟಕಿ ನೋಡುತ್ತಾ ಕೂರೋಣ. ಅಷ್ಟರಲ್ಲಿ ವಾರ್ಷಿಕ ಪರೀಕ್ಷೆ ಬಂದಿರುತ್ತದೆ. ಇನ್ನು, ಬೆತ್ತ ಹಿಡಿದವರನ್ನೆಲ್ಲ ವರ್ತನಾವಾದಿಗಳು ಅನ್ನುವವರಿಗೆ ಒಂದು ಮಾತು: ಸ್ಕಿನ್ನರ್ ಶಿಕ್ಷೆಯ ವಿರೋಧಿ. ಶಿಕ್ಷೆ ವರ್ತನೆಯನ್ನು ಸ್ವಲ್ಪ ಹೊತ್ತು ಅದುಮಿಡುತ್ತದೆ ಅಷ್ಟೇ ಎಂಬುದು ಅವರ ನಿಲುವು.

ವಿರೋಧ: ಬಹುಮಾನ ನಿಂತ ಮೇಲೆ?

ವಿರೋಧದ ಕಡೆಗೆ ಯಾರಾದರೂ ಬೇಕು ಅಂದರು, ಒಪ್ಪಿಕೊಂಡೆ. ಮಗ್ಗಿಗೂ ಕಾಗುಣಿತಕ್ಕೂ ಈ ವಿಧಾನ ನಡೆಯುತ್ತದೆ ಅಂತ ನನಗೂ ಗೊತ್ತು.

ಆದರೆ ಮಕ್ಕಳೇನು ಪಾರಿವಾಳಗಳಾ? ಸ್ಕಿನ್ನರ್ ಪಾರಿವಾಳಗಳಿಗೆ ಟೇಬಲ್ ಟೆನಿಸ್ ಥರದ ಆಟ ಕಲಿಸಿದ್ದು ನಿಜ. ಇಲಿಗಳೂ ಈ ಸಿದ್ಧಾಂತಕ್ಕೆ ಪೂರ್ತಿ ಬಗ್ಗಲಿಲ್ಲ ಅನ್ನುವುದೂ ನಿಜ. 1930ರಲ್ಲಿ ಮನಶ್ಶಾಸ್ತ್ರಜ್ಞರಾದ ಟೋಲ್ಮನ್ ಮತ್ತು ಹಾನ್‌ಜಿಕ್ ಕೆಲವು ಇಲಿಗಳನ್ನು ತಿನಿಸೇ ಇಡದ ಜಟಿಲ ದಾರಿಗಳಲ್ಲಿ ಓಡಾಡಲು ಬಿಟ್ಟರು. 11ನೇ ದಿನ ತಿನಿಸು ಇಟ್ಟರು. ಮರುದಿನವೇ ತಪ್ಪುಗಳು ಥಟ್ಟನೆ ಇಳಿದವು. ಅಂದರೆ ಬಹುಮಾನವಿಲ್ಲದೆಯೂ ದಾರಿ ಕಲಿತಿದ್ದವು. 1973ರ ಪ್ರಯೋಗ ಎಲ್ಲರೂ ಹೇಳುವಂಥದ್ದೇ: ಚಿತ್ರ ಬರೆಯಲು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ ಬಹುಮಾನದ ಆಸೆ ತೋರಿಸಿ ಬರೆಸಿದರು. ಆಮೇಲೆ ಬಿಡುವಿನಲ್ಲಿ ಅವರು ಚಿತ್ರಕ್ಕೆ ಕೊಟ್ಟ ಸಮಯ ಉಳಿದ ಮಕ್ಕಳದ್ದರ ಸುಮಾರು ಅರ್ಧ.

ನನಗೆ ಇದೆಲ್ಲಕ್ಕಿಂತ ನಮ್ಮ ಅಣ್ಣನ ಮಗನೇ ದೊಡ್ಡ ಪುರಾವೆ. ಫೋನಿನ ಆ್ಯಪ್‌ನಲ್ಲಿ ಜರ್ಮನ್ ಕಲಿಯುತ್ತಿದ್ದ. ಒಂದು ದಿನವೂ ತಪ್ಪಿಸದಿದ್ದರೆ ‘ಸ್ಟ್ರೀಕ್’ ಬೆಳೆಯುತ್ತದೆ, ಬ್ಯಾಡ್ಜ್ ಬರುತ್ತದೆ. ಮನೆಯಲ್ಲಿ ಎಲ್ಲರಿಗೂ ಹೆಮ್ಮೆ. ನಿದ್ದೆಗಣ್ಣಲ್ಲಿ ಅವನು ಮಾಡುತ್ತಿದ್ದದ್ದು ಮಾತ್ರ ಹಳೇ ಪಾಠವನ್ನೇ. ಸುಲಭ, ಎರಡು ನಿಮಿಷಕ್ಕೆ ಮುಗಿಯುತ್ತದೆ, ಸ್ಟ್ರೀಕ್ ಉಳಿಯುತ್ತದೆ. ಹೊಸ ಪಾಠದಲ್ಲಿ ತಪ್ಪಾದರೆ ಅಂಕ ಹೋಗುತ್ತದಲ್ಲ! ಯಾಕೋ ಹೀಗೆ ಅಂತ ಕೇಳಿದೆ. “ಚಿಕ್ಕಪ್ಪ, ಎಣಿಕೆ ನಿಲ್ಲಬಾರದು” ಅಂದ. ಜರ್ಮನ್‌ನಲ್ಲಿ ಏನಾದರೂ ಮಾತಾಡು ಅಂದರೆ ಸೇಬು ತಿನ್ನುವ ಹುಡುಗನ ವಾಕ್ಯ ಬಿಟ್ಟು ಇನ್ನೊಂದು ಬಾಯಿಗೆ ಬರಲಿಲ್ಲ.

ಒಮ್ಮೆ ಪ್ರಯಾಣದಲ್ಲಿ ನೆಟ್‌ವರ್ಕ್ ಸಿಗದೆ ಸ್ಟ್ರೀಕ್ ಮುರಿಯಿತು. ಮರುದಿನವೇ ಆ್ಯಪ್ ಅಳಿಸಿಹಾಕಿದ. ಅಣ್ಣ ಈಗ ಇನ್ನೊಂದಕ್ಕೆ ದುಡ್ಡು ಕಟ್ಟಿದ್ದಾನೆ. ಇದರಲ್ಲಿ ಬ್ಯಾಡ್ಜ್ ಬದಲು ನಾಣ್ಯ ಕೊಡುತ್ತಾರಂತೆ.