ನೆರೆ ಇಳಿಯಿತು, ನೆರವು ಏರಿತು

ವಿಪತ್ತಿಗೆ ಒಂದು ಒಳ್ಳೆಯ ಗುಣವಿದೆ. ಅದು ಬಂದು ಹೋಗುತ್ತದೆ. ಭೂಮಿ ಒಂದು ನಿಮಿಷ ನಡುಗಿ ಸುಮ್ಮನಾಗುತ್ತದೆ. ಚಂಡಮಾರುತಕ್ಕೆ ಒಂದು ರಾತ್ರಿ ಸಾಕು. ನೆರೆಯಾದರೂ ಅಷ್ಟೇ, ನಾಲ್ಕು ದಿನ ಜಾಸ್ತಿ ಕೂತು, ಕೆಸರು ಬಿಟ್ಟು ಎದ್ದು ಹೋಗುತ್ತದೆ. ನೆರವು ಹಾಗಲ್ಲ. ಬಂದರೆ ಬಂತು, ಆಮೇಲೆ ಅದನ್ನು ಎಬ್ಬಿಸುವುದು ಕಷ್ಟ. ಪರಿಹಾರ ಕೆಲಸದಲ್ಲೇ ಕೂದಲು ಬೆಳ್ಳಗಾದವರು ಇದಕ್ಕೊಂದು ಹೆಸರಿಟ್ಟಿದ್ದಾರೆ: ಎರಡನೇ ವಿಪತ್ತು. ಮೊದಲನೆಯದರಲ್ಲಿ ಬದುಕಿ ಉಳಿದವರಿಗೆ ಮಾತ್ರ ಇದನ್ನು ನೋಡುವ ಭಾಗ್ಯ.

ಪರಿಹಾರ ಸಾಮಗ್ರಿ ಹಂಚಲು ಯೋಜನೆ ಹಾಕುವುದು ದೊಡ್ಡ ತಲೆನೋವು ಎಂದು ಕೆಲವರು ಸುಮ್ನೆ ಹೆದರಿಸುತ್ತಾರೆ. ಏನು ತಲೆನೋವು? ಇರುವುದೇ ಮೂರು ಪ್ರಶ್ನೆ. ಯಾರಿಗೆ ಬೇಕು, ಏನು ಬೇಕು, ಅದು ಅಲ್ಲಿಗೆ ಹೇಗೆ ಮುಟ್ಟಬೇಕು. ಈ ಮೂರನ್ನು ಬದಿಗಿಟ್ಟರೆ ಉಳಿದದ್ದೆಲ್ಲ ನೀರು ಕುಡಿದಷ್ಟು ಸುಲಭ. ನಮ್ಮ ಹತ್ತಿರ ಏನು ಬಿದ್ದಿದೆ ಅಂತ ನೋಡಬೇಕು. ಅದನ್ನು ಲಾರಿಗೆ ತುಂಬಬೇಕು. ಲಾರಿಗೆ ಬ್ಯಾನರ್ ಕಟ್ಟಬೇಕು. ಬ್ಯಾನರ್ ಮಾತ್ರ ಅಳತೆ ತಪ್ಪಬಾರದು, ಅದರಲ್ಲಿ ರಾಜಿ ಇಲ್ಲ.

ಈ ವಿದ್ಯೆಯಲ್ಲಿ ಜಗತ್ತು ಎಷ್ಟು ಪಳಗಿದೆ ಅಂತ ನೋಡಬೇಕಾದರೆ ಅರ್ಮೇನಿಯಾಕ್ಕೆ ಹೋಗಬೇಕು. 1988ರ ಡಿಸೆಂಬರ್ 7ರಂದು ಅಲ್ಲಿ ಭೂಕಂಪವಾಯಿತು. ಜಗತ್ತಿನ ಮನಸ್ಸು ಕರಗಿತು. ಕರಗಿ 5,000 ಟನ್ ಔಷಧಿ ಮತ್ತು ವೈದ್ಯಕೀಯ ಸಾಮಾನಾಗಿ ಅಲ್ಲಿ ಹೋಗಿ ಬಿತ್ತು. ಏನೇನು ಬಂದಿದೆ ಎಂದು ತಿಳಿದುಕೊಳ್ಳುವುದಕ್ಕೇ 50 ಜನಕ್ಕೆ 6 ತಿಂಗಳು ಹಿಡಿಯಿತು. ನೂರಕ್ಕೆ ಎಂಟು ಭಾಗ ಔಷಧಿ ದಾರಿಯಲ್ಲೋ ಮೊದಲೋ ಅವಧಿ ಮುಗಿಸಿಕೊಂಡೇ ಬಂದಿತ್ತು. ನಾಲ್ಕು ಭಾಗವನ್ನು ಅಲ್ಲಿನ ಹಿಮ ಕೆಡಿಸಿತು. ಉಳಿದದ್ದರಲ್ಲಿ ಇದು ಇಂಥದ್ದು ಎಂದು ಸುಲಭವಾಗಿ ಗುರುತು ಸಿಕ್ಕಿದ್ದು ನೂರಕ್ಕೆ ಮೂವತ್ತಕ್ಕೆ ಮಾತ್ರ. ಹೆಚ್ಚಿನ ಡಬ್ಬಿಗಳ ಮೇಲೆ ಇದ್ದದ್ದು ಬರೀ ಬ್ರ್ಯಾಂಡ್ ಹೆಸರು. ಕಾಲು ಮುರಿದವನೊಬ್ಬ ಅಷ್ಟು ದಿನ ಉಸಿರು ಹಿಡಿದು ಕಾದಿದ್ದರೆ, ಜೂನ್ ತಿಂಗಳಲ್ಲಿ ಅವನಿಗೆ ನೋವಿನ ಮಾತ್ರೆ ಯಾವ ಪೆಟ್ಟಿಗೆಯಲ್ಲಿದೆ ಎಂದು ಖಚಿತವಾಗಿ ಹೇಳಬಹುದಿತ್ತು.

ನನಗೆ ಲೆಕ್ಕ ಹಾಕುವ ಚಟ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಜೊತೆಗಿರುವವರು ಸೇರಿ ತುರ್ತು ಕಿಟ್ ಒಂದನ್ನು ರೂಪಿಸಿದ್ದಾರೆ. 10,000 ಜನಕ್ಕೆ 3 ತಿಂಗಳು ಆಗುವಷ್ಟು ಔಷಧಿ, ಸಲಕರಣೆ ಅದರಲ್ಲಿರುತ್ತದೆ. ತೂಕ ಸುಮಾರು ಒಂದು ಟನ್. ಆ ಲೆಕ್ಕದಲ್ಲಿ 5,000 ಟನ್ ಅಂದರೆ 5 ಕೋಟಿ ಜನಕ್ಕೆ 3 ತಿಂಗಳ ಮದ್ದು. ಇಡೀ ಅರ್ಮೇನಿಯಾದ ಜನಸಂಖ್ಯೆ ಆಗ ಅರ್ಧ ಕೋಟಿಯನ್ನೂ ಮುಟ್ಟಿರಲಿಲ್ಲ. ಬಹುಶಃ ಹುಟ್ಟಲಿರುವವರನ್ನೂ ಗಮನದಲ್ಲಿಟ್ಟುಕೊಂಡು ಕಳಿಸಿದ್ದರು. ಇದಕ್ಕೇ ದೂರದೃಷ್ಟಿ ಅನ್ನುವುದು.

ಪಾಠ ಕಲಿತರಾ ಅಂದರೆ, ಚೆನ್ನಾಗಿ ಕಲಿತರು. 2004ರ ಡಿಸೆಂಬರ್ 26ರ ಸುನಾಮಿ ಆದ ಮೇಲೆ ಇಂಡೋನೇಷ್ಯಾದಲ್ಲಿರುವ ‘ಆಚೆ’ (Aceh) ಎಂಬ ಹೆಸರಿನ ಪ್ರಾಂತ್ಯಕ್ಕೆ 4,000 ಟನ್ ಔಷಧಿ ಹೋಯಿತು. ಪೂರ್ತಿ ಒಂದು ಸಾವಿರ ಟನ್ ಕಡಿಮೆ. ಇದು ಸುಧಾರಣೆ ಅಲ್ವಾ? ಅದರಲ್ಲಿ ಸುಮಾರು 600 ಟನ್ ಔಷಧಿಯನ್ನು ನಾಶ ಮಾಡಬೇಕಾಯಿತು. ಔಷಧಿಯನ್ನು ಬೆಂಕಿಗೆ ಹಾಕಿ ಸುಡುವುದು ಕಸ ಸುಟ್ಟಷ್ಟು ಸಲೀಸಲ್ಲ. ಅದಕ್ಕೆ ಬೇರೆ ಒಲೆ, ಬೇರೆ ದುಡ್ಡು, ಬೇರೆ ತಜ್ಞರು. ಮನೆ ಕಳಕೊಂಡವರ ಊರಿಗೆ ಹೊಸ ಉದ್ಯಮ ಸಿಕ್ಕಿದ ಹಾಗಾಯಿತು.

ಅದೇ ಸುನಾಮಿಯಲ್ಲಿ ಬೆವರು ಕಿತ್ತು ಬರುವ ಕಡಲತೀರಗಳಿಗೆ ಚಳಿಗಾಲದ ಕೋಟುಗಳೂ ಬಂದವು, ಹೈಹೀಲ್ಸ್ ಚಪ್ಪಲಿಗಳೂ ಬಂದವು. ಕಳಿಸಿದವರನ್ನು ನಾನು ಬೈಯುವುದಿಲ್ಲ. ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಎಂದು ಹಿರಿಯರು ಹೇಳಿದ್ದಾರೆ. ಹಸು ಬಂದಿದ್ದರೆ ನಾವೂ ಎಣಿಸುತ್ತಿರಲಿಲ್ಲ. ಬಂದಿದ್ದು ಬರೀ ಹಲ್ಲು.

ಇನ್ನು ಸಾಮಾನು ಇಳಿಸುವ ಕಥೆ. ನಕ್ಷೆಯಲ್ಲಿ ವಿಮಾನ ನಿಲ್ದಾಣ ಅಂತ ಒಂದು ಚುಕ್ಕೆ ಇದ್ದರೆ ಯೋಜನೆ ಮಾಡುವವರಿಗೆ ಎಲ್ಲಿಲ್ಲದ ಧೈರ್ಯ. 2010ರ ಜನವರಿ 12ರಂದು ಹೈಟಿ ನಡುಗಿತು. ಬಂದರು ಮುರಿದು ಬಿದ್ದಿತ್ತು. ಪೋರ್ಟ್-ಓ-ಪ್ರಿನ್ಸ್ ನಿಲ್ದಾಣಕ್ಕೆ ಇದ್ದದ್ದು ಒಂದೇ ರನ್‌ವೇ. ಕಂಟ್ರೋಲ್ ಟವರ್ ಕೆಲಸಕ್ಕೆ ಬಾರದ ಹಾಗಾಗಿತ್ತು. ಅಮೆರಿಕದ ವಾಯುಪಡೆಯವರು ರನ್‌ವೇ ಪಕ್ಕದ ಹುಲ್ಲಿನಲ್ಲಿ ಇಸ್ಪೀಟಾಡುವಂಥ ಮಡಚುವ ಮೇಜು ಹಾಕಿಕೊಂಡು, ರೇಡಿಯೊ ಹಿಡಿದು, ವಿಮಾನಗಳನ್ನು ಇಳಿಸಿದರು. ಅವರ ಕೆಲಸಕ್ಕೆ ಕೈ ಮುಗಿಯಬೇಕು. ಆದರೆ ಆಕಾಶದಲ್ಲಿ ಸಾಲು ಎಷ್ಟಿತ್ತೆಂದರೆ, ಗಾಳಿ ತುಂಬಿ ನಿಲ್ಲಿಸುವ ಶಸ್ತ್ರಚಿಕಿತ್ಸೆ ಆಸ್ಪತ್ರೆಯನ್ನು ಹೊತ್ತು ತಂದಿದ್ದ ವಿಮಾನಕ್ಕೇ ಇಳಿಯಲು ಜಾಗ ಸಿಗಲಿಲ್ಲ. ಅದು ಪಕ್ಕದ ಡೊಮಿನಿಕನ್ ಗಣರಾಜ್ಯದಲ್ಲಿ ಇಳಿದು, ಆಸ್ಪತ್ರೆ ಅಲ್ಲಿಂದ ಲಾರಿಯಲ್ಲಿ ರಸ್ತೆ ಹಿಡಿಯಿತು. ಗಾಯಾಳುಗಳಿಗೆ ಕಾಯುವುದನ್ನು ಬಿಟ್ಟು ಬೇರೆ ಕೆಲಸ ಏನಿತ್ತು ಹೇಳಿ.

ಐದು ವರ್ಷ ಕಳೆದ ಮೇಲೆ ನೇಪಾಳ. ಭಾರದ ವಿಮಾನಗಳು ಒಂದರ ಹಿಂದೆ ಒಂದು ಇಳಿದು ಇಳಿದು ಕಠ್ಮಂಡುವಿನ ಒಂದೇ ಒಂದು ರನ್‌ವೇಗೆ ಏಟು ಬಿತ್ತು. ಕೊನೆಗೆ ದೊಡ್ಡ ವಿಮಾನ ಬೇಡವೇ ಬೇಡ ಎಂದರು. ಭೂಕಂಪ ಉಳಿಸಿಕೊಟ್ಟಿದ್ದನ್ನು ನೆರವು ಬಿರುಕು ಬಿಡಿಸಿತು.

ಸಾಮಾನು ಜಾಸ್ತಿ ಆದರೆ ಒಂದು ತೊಂದರೆ, ಸಾಮಾನು ದಾರಿ ತಪ್ಪಿದರೆ ಇನ್ನೊಂದು. 2005ರಲ್ಲಿ ಕತ್ರೀನಾ ಚಂಡಮಾರುತ ನ್ಯೂ ಆರ್ಲಿಯನ್ಸ್ ಕಡೆಯನ್ನು ಮುಳುಗಿಸಿದಾಗ ಅಮೆರಿಕದ ಸರ್ಕಾರ ಲಾರಿಗಟ್ಟಲೆ ಐಸ್ ತರಿಸಿತು. ಬಿಸಿಲಿಗೆ ಐಸ್ ಬೇಕು, ಸರಿ. ಆ ಲಾರಿಗಳಲ್ಲಿ ಎಷ್ಟೋ ಎಲ್ಲೆಲ್ಲೋ ಸುತ್ತಿ, ದೇಶದ ಆ ತುದಿಯ ಮೇನ್ ರಾಜ್ಯದ ಪೋರ್ಟ್‌ಲೆಂಡಿಗೆ ಹೋಗಿ ನಿಂತವು. ನೆರೆ ಬಂದ ಊರಿಗೂ ಈ ಊರಿಗೂ 2,000 ಕಿಲೋಮೀಟರಿಗೂ ಜಾಸ್ತಿ ದೂರ. ಮೇನ್ ಜನಕ್ಕೆ ಐಸ್ ಹೊಸದೇನಲ್ಲ, ಚಳಿಗಾಲದಲ್ಲಿ ಮನೆ ಮುಂದೆಯೇ ಬಿಟ್ಟಿಯಾಗಿ ಬೀಳುತ್ತದೆ. ಉಳಿದ ಐಸನ್ನು ಶೀತಲಗೃಹಗಳಲ್ಲಿ ಬಾಡಿಗೆ ಕೊಟ್ಟು ಜೋಪಾನವಾಗಿ ಇಟ್ಟರು. 2007ರಲ್ಲಿ, ಇನ್ನು ಇದನ್ನು ಬಳಸುವುದು ಕ್ಷೇಮವಲ್ಲ ಎಂದು ತೀರ್ಮಾನಿಸಿ ಕರಗಲು ಬಿಟ್ಟರು. ನೀರನ್ನು ಹೆಪ್ಪುಗಟ್ಟಿಸಿ, ಊರೂರು ಸುತ್ತಿಸಿ, ಎರಡು ವರ್ಷ ಕಾವಲು ಕಾದು, ಮತ್ತೆ ನೀರು ಮಾಡಿದ ಯೋಜನೆ ಇದು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಅಮೆರಿಕದ ಆಡಳಿತದಲ್ಲಿರುವ ಪೋರ್ಟೊ ರೀಕೋ ದ್ವೀಪದವರು ಇನ್ನೂ ಮೇಲು. 2017ರ ಮರಿಯಾ ಚಂಡಮಾರುತಕ್ಕೆಂದು ಬಂದ ಲಕ್ಷಾಂತರ ನೀರಿನ ಬಾಟಲಿ ಒಂದು ವರ್ಷ ಕಳೆದ ಮೇಲೂ ಹಳೇ ರನ್‌ವೇ ಮೇಲೆ ನೀಲಿ ಟಾರ್ಪಾಲು ಹೊದ್ದು ಮಲಗಿದ್ದವು. 2020ರ ಜನವರಿಯಲ್ಲಿ ಅಲ್ಲೇ ಭೂಕಂಪಗಳಾದವು. ಆಗ ಪೋನ್ಸೆ ಎಂಬ ಊರಿನಲ್ಲಿ ಜನ ಒಂದು ಗೋದಾಮಿನ ಬಾಗಿಲು ಮುರಿದು ಒಳಗೆ ಹೋದರೆ ನೀರು, ಮಡಚುವ ಮಂಚ, ಮಕ್ಕಳ ಡಯಾಪರು ರಾಶಿ ರಾಶಿ. ಸುದ್ದಿ ಹರಡಿತು, ತುರ್ತುನಿರ್ವಹಣೆಯ ಮುಖ್ಯಸ್ಥರನ್ನು ಗವರ್ನರ್ ಕೆಲಸದಿಂದ ತೆಗೆದು ಮನೆಗೆ ಕಳಿಸಿದರು. ನನಗೆ ಅನ್ನಿಸುವುದು, ಹಂಚಿಕೆ ಅಂದರೆ ಏನು ಅಂತ ಆವತ್ತು ಸರಿಯಾಗಿ ಅರ್ಥ ಮಾಡಿಕೊಂಡವರು ಬೀಗ ಒಡೆದವರೇ.

ಹಾಗಂತ ಜಗತ್ತಿಗೆ ಏನೂ ಗೊತ್ತಿಲ್ಲ ಅಂದುಕೊಳ್ಳಬೇಡಿ. ಎಲ್ಲ ಗೊತ್ತು. ಪರಿಹಾರ ಕೆಲಸ ಮಾಡುವವರಿಗೆಂದೇ ಸ್ಫಿಯರ್ ಅಂತ ಒಂದು ಕೈಪಿಡಿ ಇದೆ. ಒಬ್ಬರಿಗೆ ದಿನಕ್ಕೆ 15 ಲೀಟರ್ ನೀರಾದರೂ ಬೇಕು, ಮಲಗಲು ಮೂರೂವರೆ ಚದರ ಮೀಟರ್ ಸೂರು ಬೇಕು, 250 ಜನಕ್ಕೆ ಒಂದಾದರೂ ನಲ್ಲಿ ಬೇಕು, ನೀರು 500 ಮೀಟರಿಗಿಂತ ದೂರ ಇರಬಾರದು, ಸಾಲಿನಲ್ಲಿ ಅರ್ಧ ಗಂಟೆಗಿಂತ ಜಾಸ್ತಿ ನಿಲ್ಲಿಸಬಾರದು. ಎಲ್ಲ ಬರೆದಿಟ್ಟಿದ್ದಾರೆ. ಓದಿದರೆ ಕಣ್ಣು ತುಂಬಿ ಬರುತ್ತದೆ. ಮಾಮೂಲಿ ದಿನಗಳಲ್ಲೇ ನಮಗೆ ಇಷ್ಟು ಸಿಗುವುದಿಲ್ಲವಲ್ಲ ಅಂತ.

ಆ ಕೈಪಿಡಿ ಸಭೆಯ ಮೇಜಿನ ಮೇಲೂ ಇರುತ್ತದೆ. ಪ್ರೊಜೆಕ್ಟರ್ ಎತ್ತರ ಸಾಲದೆ ಹೋದಾಗ ಕೆಳಗೆ ಇಡುತ್ತಾರೆ. ಸಮನ್ವಯ ಸಭೆ ಎಂಬುದು ಪ್ರತಿ ವಿಪತ್ತಿನ ಮೂರನೇ ದಿನ ಹುಟ್ಟಿಕೊಳ್ಳುವ ಒಂದು ಜೀವಿ. ಟಾರ್ಪಾಲು ಹಂಚುವ ಸಭೆ ಅಂದುಕೊಳ್ಳಿ. ಹೊರಗೆ ಮಳೆ. ಮೊದಲ ಒಂದು ಗಂಟೆ ಟಾರ್ಪಾಲಿನ ಮೇಲೆ ಯಾರ ಲೋಗೊ ಮೇಲಿರಬೇಕು, ಯಾರದು ಕೆಳಗೆ ಎಂಬ ಚರ್ಚೆ. ಕೊನೆಗೆ ಒಬ್ಬ ಜಾಣರು, ಎಲ್ಲರದ್ದೂ ನಾಲ್ಕು ಮೂಲೆಯಲ್ಲಿ ಇರಲಿ ಎನ್ನುತ್ತಾರೆ. ಚಪ್ಪಾಳೆ. ಮೂಲೆಯಲ್ಲಿ ಹಗ್ಗ ಕಟ್ಟುವ ತೂತು ಇರುತ್ತದಲ್ಲ ಎಂದು ಕೊನೆ ಕುರ್ಚಿಯಲ್ಲಿ ಕೂತ ಸ್ಟೋರ್ ಕೀಪರ್ ಮೆಲ್ಲಗೆ ಹೇಳುತ್ತಾನೆ. ತೂತೇ ಬೇಡ ಎಂದು ತೀರ್ಮಾನ. ನಡವಳಿಯಲ್ಲಿ ಅದು ದಾಖಲಾಗುತ್ತದೆ.

ಫಾರಂ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮನೆ ಕೊಚ್ಚಿಹೋಗಿದೆ ಎಂದು ತೋರಿಸಲು ಮನೆಯ ದಾಖಲೆ ತನ್ನಿ ಎನ್ನುತ್ತಾರೆ. ದಾಖಲೆ ಮನೆಯೊಳಗಿತ್ತು. ಅಷ್ಟೇ ವಿಷಯ.

ಕೆಲವು ತಲೆಹರಟೆಗಳು ಒಂದು ಸಲಹೆ ಕೊಡುತ್ತಾರೆ. ಹತ್ತಿರದ ಪೇಟೆಯಲ್ಲಿ ಅಂಗಡಿಗಳು ತೆರೆದಿದ್ದರೆ, ಸಾಮಾನು ಹೊತ್ತು ತರುವ ಬದಲು ಜನರ ಕೈಗೆ ದುಡ್ಡನ್ನೇ ಕೊಟ್ಟುಬಿಡಿ, ಬೇಕಾದ್ದು ಅವರೇ ತೆಗೆದುಕೊಳ್ಳುತ್ತಾರೆ, ಅಂಗಡಿಯವನೂ ಬದುಕುತ್ತಾನೆ ಅಂತ. ಹಲವು ಕಡೆ ಮಾಡಿಯೂ ನೋಡಿದ್ದಾರೆ, ನಡೆಯುತ್ತದೆ. ಆದರೆ ದುಡ್ಡು ಕೊಟ್ಟರೆ ಲಾರಿ ಎಲ್ಲಿ? ಬ್ಯಾನರ್ ಎಲ್ಲಿಗೆ ಕಟ್ಟುವುದು? ಒಂದು ಕಂಬಳಿ ಕೊಟ್ಟರೆ ಅದರ ಮೇಲೆ ಆರು ಜನ ಕೈ ಇಟ್ಟು ಫೋಟೊಗೆ ನಿಲ್ಲಬಹುದು, ಏಳನೆಯವರು ತಗೊಳ್ಳುವವರು. ನೋಟಿನ ಮೇಲೆ ಅಷ್ಟು ಕೈ ಹಿಡಿಸುವುದಿಲ್ಲ. ಮತ್ತೆ, ಆ ಜನ ದುಡ್ಡನ್ನು ಬೇಡದ್ದಕ್ಕೆ ಖರ್ಚು ಮಾಡಿಬಿಟ್ಟರೆ? ಬೇಡದ್ದನ್ನು ಒದಗಿಸುವುದಕ್ಕೆ ನಾವಿಲ್ವಾ!

ಒಂದು ಸಲ ನಾನೂ ವಿಂಗಡಣೆ ಕೆಲಸಕ್ಕೆ ಹೋಗಿದ್ದೆ. ದೊಡ್ಡ ಶೆಡ್ಡು, ಛಾವಣಿ ಮುಟ್ಟುವಷ್ಟು ಮೂಟೆ. ಒಳಗೆ ಒದ್ದೆ ಬಟ್ಟೆಯ ಮುಗ್ಗಲು ವಾಸನೆ. ನನಗೆ ಕೊಟ್ಟ ಮೂಟೆಯ ಹೊಲಿಗೆ ಬಿಚ್ಚಿದೆ. ಮೇಲೆಯೇ ಮಿಂಚು ಹಚ್ಚಿದ ಪಾರ್ಟಿ ಉಡುಪು. ಅದರ ಕೆಳಗೆ ಈಜುಡುಗೆ. ಈಗಷ್ಟೇ ನೆರೆಯಲ್ಲಿ ಈಜಿ ಬಂದವರಿಗೆ ಅಂತ ಕಾಣುತ್ತದೆ, ತಡವಾಯಿತು. ಆಮೇಲೆ ಎಡಗಾಲಿನ ಷೂ ಒಂದು. ಬಲಗಾಲಿನದು ಬೇರೆ ಮೂಟೆಯಲ್ಲಿ ಇರಬಹುದು ಎಂದು ಪಕ್ಕದವರು ಸಮಾಧಾನ ಹೇಳಿದರು. ಮೂಟೆ ಒಟ್ಟು ಎಷ್ಟಿವೆ ಅಂತ ನಾನು ಕೇಳಲಿಲ್ಲ.

ತಳದಲ್ಲಿ ಒಂದು ಪ್ಯಾಂಟು ಇತ್ತು. ಅಷ್ಟೂ ಮೂಟೆಯಲ್ಲಿ ಹಾಕಿಕೊಳ್ಳುವಂಥದ್ದು ಅದೊಂದೇ. ಜೇಬಿಗೆ ಕೈ ಹಾಕಿದೆ. ಮಡಚಿದ ಒಂದು ಚೀಟಿ ಸಿಕ್ಕಿತು. ಯಾರೋ ಪುಣ್ಯಾತ್ಮ ಅಂಗಡಿಗೆ ಹೋಗುವ ಮೊದಲು ಪೆನ್ಸಿಲಿನಲ್ಲಿ ಬರೆದುಕೊಂಡದ್ದು. ಬಲ್ಬು, ಟೂತ್‌ಪೇಸ್ಟು, ಗುಂಡುಪಿನ್ನು. ಗುಂಡುಪಿನ್ನಿನ ಕೆಳಗೆ ಎರಡು ಗೀಟು ಎಳೆದಿತ್ತು, ಮರೆಯಬಾರದು ಅಂತ. ಮೂರು ದಿನದಿಂದ ಆ ಶೆಡ್ಡಿನಲ್ಲಿ ಓಡಾಡುತ್ತಿದ್ದ ಕಾಗದಗಳಲ್ಲಿ, ಒಬ್ಬ ಮನುಷ್ಯನಿಗೆ ಏನು ಬೇಕು ಅಂತ ಬರೆದಿದ್ದ ಕಾಗದ ನಾನು ಕಂಡಿದ್ದು ಇದೊಂದೇ. ಎಸೆಯಲು ಮನಸ್ಸು ಬರಲಿಲ್ಲ. ಬಾಗಿಲ ಪಕ್ಕದ ನೋಟಿಸ್ ಬೋರ್ಡಿಗೆ ಚುಚ್ಚಿ ಊಟಕ್ಕೆ ಹೋದೆ.

ಬರುವಷ್ಟರಲ್ಲಿ ಯಾರೋ ಮೇಲಿನವರು ಬಂದು ಹೋಗಿದ್ದರು. ಚೀಟಿಯ ಫೋಟೊ ತೆಗೆದುಕೊಂಡರಂತೆ. ಸಂಜೆಯ ಸಭೆಯಲ್ಲಿ ಅದನ್ನು ತೋರಿಸಿ, ನೋಡಿ, ತಳಮಟ್ಟದ ಬೇಡಿಕೆ ಅಂದರೆ ಹೀಗೆ ಸ್ಪಷ್ಟವಾಗಿರಬೇಕು ಎಂದರಂತೆ. ಗುಂಡುಪಿನ್ನಿಗೆ ಎರಡು ಗೀಟು ಇದ್ದದ್ದರಿಂದ ಅದಕ್ಕೆ ಮೊದಲ ಆದ್ಯತೆ ಕೊಟ್ಟರಂತೆ.

ಹದಿನೈದನೇ ದಿನ ಬೆಳಿಗ್ಗೆ ಪಿನ್ನು ಬಂತು. ಮಧ್ಯಾಹ್ನ ಮೂರು ಲಾರಿ ಬಲ್ಬು. ಊರಿಗೆ ಕರೆಂಟು ಇನ್ನೂ ಬಂದಿರಲಿಲ್ಲ. ಹಂಚಿಕೆ ಮಾತ್ರ ಸರಾಗವಾಗಿ ನಡೆಯಿತು, ತಲೆಗೆ ಎರಡೆರಡು. ನನ್ನ ಮುಂದೆ ಸಾಲಿನಲ್ಲಿದ್ದ ಮುದುಕಿ ತನ್ನೆರಡು ಬಲ್ಬನ್ನು ಸೆರಗಿನಲ್ಲಿ ಕಟ್ಟಿಕೊಂಡು, ಮೇಜಿನ ಹಿಂದೆ ಕೂತವರನ್ನು ಕೇಳಿದಳು, ಹಾಕಿಕೊಳ್ಳಲು ಒಂದು ಪ್ಯಾಂಟು ಸಿಗುತ್ತದಾ, ಮೊಮ್ಮಗನಿಗೆ. ಅವರು ಪಟ್ಟಿ ನೋಡಿದರು. ಪಟ್ಟಿಯಲ್ಲಿ ಪ್ಯಾಂಟು ಇರಲಿಲ್ಲ.