ಆನ್‌ಲೈನ್ ಸೆಂಟರಿನ ಬ್ರೌಸರಿಗೆ ಮೊದಲು ಕಾವಲು ಹಾಕಿರಿ

ಕಲಬುರಗಿಯಲ್ಲಿ ಆನ್‌ಲೈನ್ ಸೆಂಟರ್, ಝೆರಾಕ್ಸ್ ಅಂಗಡಿ ನಡೆಸುವ ಗೆಳೆಯರಿಗೆ ಮತ್ತು ಕಾಲೇಜು ಲ್ಯಾಬ್ ನೋಡಿಕೊಳ್ಳುವ ನನ್ನಂಥವರಿಗೆ ಈ ಬರಹ. ಸ್ವಲ್ಪ ಉದ್ದ ಅದ, ಪುರುಸೊತ್ತು ಮಾಡಿಕೊಂಡು ಓದಿರಿ. ನಾನು ಹೇಳುವುದು ಇಷ್ಟು: ನಿಮ್ಮ ಕೌಂಟರಿನ ಕಂಪ್ಯೂಟರಿನಲ್ಲಿ ಇವತ್ತೇ ಫೈರ್‌ಫಾಕ್ಸ್ ಹಾಕಿ, ಅದರೊಳಗೆ ಜಾಹೀರಾತು ಮತ್ತು ಕೆಟ್ಟ ಸೈಟು ತಡೆಯುವ ಯುಬ್ಲಾಕ್ ಒರಿಜಿನ್ ಅನ್ನುವ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಜೋಡಿಸುವ ಸಣ್ಣ ಪ್ರೋಗ್ರಾಂ) ಸೇರಿಸಿರಿ. ದುಡ್ಡು ಕೊಡಬೇಕಿಲ್ಲ, ಖಾತೆ ತೆರೆಯಬೇಕಿಲ್ಲ, ಹಾಕಿದ ಮೇಲೆ ಅದನ್ನು ನೋಡಿಕೊಳ್ಳುವ ಕೆಲಸವೂ ಹೆಚ್ಚೇನಿಲ್ಲ.

ಮನೆಮಂದಿಗಿಂತ ಮೊದಲು ಅಂಗಡಿಯವರಿಗೆ ಯಾಕೆ ಹೇಳುತ್ತಿದ್ದೇನೆ ಅಂದರೆ, ನಮ್ಮ ಭಾಗದಲ್ಲಿ ಇಂಟರ್ನೆಟ್ಟಿನ ದೊಡ್ಡ ಕೆಲಸಗಳೆಲ್ಲ ನಡೆಯುವುದು ನಿಮ್ಮ ಕೈಯಲ್ಲೇ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, 371ಜೆ ಅರ್ಹತಾ ಪತ್ರ, ಸ್ಕಾಲರ್‌ಶಿಪ್, ತೊಗರಿಯ ಬೆಳೆ ವಿಮೆ, ನೇಮಕಾತಿ ಅರ್ಜಿ, ಹಾಲ್ ಟಿಕೆಟ್. ಆಳಂದ, ಅಫಜಲಪುರ, ಸೇಡಂ ಕಡೆಯಿಂದ ಬಸ್ ಹತ್ತಿ ಬಂದವರು ಆಧಾರ್ ಕಾರ್ಡು, ಪಾಸ್‌ಬುಕ್ಕು, ಓಟಿಪಿ ಬರುವ ಫೋನು ಮೂರನ್ನೂ ನಿಮ್ಮ ಮುಂದೆ ಇಟ್ಟು ಕೂಡುತ್ತಾರೆ. ಪರದೆ ಮೇಲೆ ಏನು ಬಂತು, ಎಲ್ಲಿ ಒತ್ತಿದಿರಿ ಅನ್ನುವುದು ಅವರಿಗೆ ಕಾಣುವುದೂ ಇಲ್ಲ, ಕಂಡರೂ ಗೊತ್ತಾಗುವುದಿಲ್ಲ. ಅವರು ನಂಬಿರುವುದು ನಿಮ್ಮನ್ನು. ಒಂದು ಮನೆಯ ಫೋನು ಕೆಟ್ಟರೆ ಒಂದು ಮನೆಗೆ ನಷ್ಟ. ನಿಮ್ಮ ಒಂದು ಬ್ರೌಸರ್ ಕೆಟ್ಟರೆ ದಿನವಿಡೀ ಸಾಲಿನಲ್ಲಿ ನಿಂತವರೆಲ್ಲರ ದಾಖಲೆ ಬೀದಿಗೆ ಬೀಳುತ್ತವೆ.

ಸೂಪರ್ ಮಾರ್ಕೆಟ್ ಕಡೆಯ ಒಂದು ಸೆಂಟರಿನಲ್ಲಿ ಕೂತು ನೋಡಿದ್ದನ್ನು ಹೇಳುತ್ತೇನೆ. ಅರ್ಜಿಗಳ ಕೊನೆಯ ವಾರ, ಬಾಗಿಲ ತನಕ ಜನ. ಕೀಬೋರ್ಡ್ ಮುಂದಿದ್ದ ಹುಡುಗ ಬಲು ಚುರುಕು. ವೆಬ್‌ಸೈಟಿನ ವಿಳಾಸ ಬರೆಯುವಷ್ಟು ಹೊತ್ತು ಅವನಿಗಿಲ್ಲ, ಯೋಜನೆಯ ಹೆಸರನ್ನು ಅರ್ಧ ಟೈಪ್ ಮಾಡಿ ಎಂಟರ್ ಒತ್ತುತ್ತಿದ್ದ. ಮೇಲೆ ಬಂದ ಎರಡು ಫಲಿತಾಂಶಗಳ ತಲೆಯ ಮೇಲೆ ಸಣ್ಣ ಅಕ್ಷರದಲ್ಲಿ ‘ಪ್ರಾಯೋಜಿತ’ ಅಂತ ಇತ್ತು. ಸರ್ಕಾರದ ನಿಜವಾದ ಸೈಟು ಅವುಗಳ ಕೆಳಗೆ. ಕೈ ತಾನಾಗಿ ಮೇಲಿನದಕ್ಕೇ ಹೋಯಿತು. ತೆರೆದ ಪುಟದಲ್ಲಿ ತ್ರಿವರ್ಣದ ಪಟ್ಟಿ ಇತ್ತು, ಲಾಂಛನದ ಹಾಗೆ ಕಾಣುವ ಚಿತ್ರ ಇತ್ತು, ಹೆಸರು, ಮೊಬೈಲ್ ನಂಬರ್, ಆಧಾರ್ ನಂಬರ್ ಕೇಳುವ ಮೂರು ಖಾನೆ ಇದ್ದವು. ವಿಳಾಸ ಮಾತ್ರ ಡಾಟ್ ಕಾಮ್. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು, “ಹೋದ ಸಲ ಹಿಂಗ ಇರಲಿಲ್ರಿ ಇದು” ಅಂದಳು. ಅಷ್ಟು ಸಾಕಾಯಿತು, ಹುಡುಗ ವಾಪಸ್ ಬಂದ. ಆಕೆ ಅಂದು ಬಾಯಿ ಬಿಡದೆ ಕೂತಿದ್ದರೆ?

ಹುಡುಗನ ಮೇಲೆ ತಪ್ಪು ಹೊರಿಸುವ ಮಾತೇ ಇಲ್ಲ. ಅಷ್ಟು ಗದ್ದಲದಲ್ಲಿ ಪ್ರತಿ ಪುಟದ ವಿಳಾಸವನ್ನು ಅಕ್ಷರ ಅಕ್ಷರ ಓದು ಅಂತ ಯಾರಿಗೂ ಹೇಳಲಾಗದು. ‘ಎಚ್ಚರವಾಗಿರಿ’ ಅನ್ನುವ ಪೋಸ್ಟರು ಗೋಡೆಗೆ ಎಷ್ಟು ಹಚ್ಚಿದರೂ ಸಂಜೆ ಆರಕ್ಕೆ ದಣಿದ ಕಣ್ಣಿಗೆ ಎಚ್ಚರ ಉಳಿದಿರುವುದಿಲ್ಲ. ದಣಿಯದ ಒಂದು ಕಾವಲು ಬೇಕು. ಅಮೆರಿಕದ ಎಫ್‌ಬಿಐ 2022ರ ಡಿಸೆಂಬರ್‌ನಲ್ಲಿ ಜನರಿಗೆ ಕೊಟ್ಟ ಸೂಚನೆಯೂ ಇದೇ. ಮೋಸಗಾರರು ಹುಡುಕಾಟದ ಜಾಹೀರಾತು ಕೊಂಡುಕೊಂಡು ಅಸಲಿ ಕಂಪನಿಗಳ ಹೆಸರಲ್ಲಿ ನಕಲಿ ಪುಟ ತೋರಿಸುತ್ತಿದ್ದಾರೆ, ಹುಡುಕುವಾಗ ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಬಳಸಿರಿ ಎಂದು ಅವರು ನೇರವಾಗಿ ಹೇಳಿದರು. ಪೊಲೀಸ್ ಸಂಸ್ಥೆಯೊಂದು ಜಾಹೀರಾತು ತಡೆಯಿರಿ ಅನ್ನುವ ಮಟ್ಟಕ್ಕೆ ಬಂದಿದೆ ಅಂದರೆ ಇದು ಕಿರಿಕಿರಿ ತಪ್ಪಿಸಿಕೊಳ್ಳುವ ವಿಷಯ ಅಲ್ಲವೇ ಅಲ್ಲ.

ಯುಬ್ಲಾಕ್ ಒರಿಜಿನ್ ಮಾಡುವ ಕೆಲಸ ಬಿಡಿಸಿ ಹೇಳುತ್ತೇನೆ. ನೀವು ಒಂದು ಪುಟ ತೆರೆದಾಗ ಆ ಪುಟ ಹಿಂದಿನಿಂದ ಹತ್ತಾರು ಬೇರೆ ಸರ್ವರುಗಳನ್ನು ಕರೆಯುತ್ತದೆ. ಯಾವುದೋ ಜಾಹೀರಾತು, ನಿಮ್ಮ ಓಡಾಟ ಹಿಂಬಾಲಿಸುವ ಯಾವುದೋ ಟ್ರ್ಯಾಕರ್, ಎಲ್ಲಿಂದಲೋ ಒಂದು ಸ್ಕ್ರಿಪ್ಟ್. ಈ ಎಕ್ಸ್‌ಟೆನ್ಷನ್ ಪ್ರತಿಯೊಂದು ಕರೆಯನ್ನೂ ತನ್ನ ಹತ್ತಿರ ಇರುವ ಪಟ್ಟಿಗಳ ಜೊತೆ ತಾಳೆ ನೋಡಿ, ಪಟ್ಟಿಯಲ್ಲಿದ್ದರೆ ಅಲ್ಲೇ ನಿಲ್ಲಿಸುತ್ತದೆ. ಈಸಿಲಿಸ್ಟ್ ಜಾಹೀರಾತಿನ ಪಟ್ಟಿ, ಈಸಿಪ್ರೈವಸಿ ಟ್ರ್ಯಾಕರ್‌ಗಳದ್ದು. ಇವುಗಳ ಜೊತೆಗೆ ಕೆಟ್ಟ ಸೈಟುಗಳ ಪಟ್ಟಿಯೂ ಮೊದಲಿನಿಂದಲೇ ಚಾಲೂ ಇರುತ್ತದೆ. ಸ್ವಿಟ್ಜರ್ಲೆಂಡಿನ ಅಬ್ಯೂಸ್ ಡಾಟ್ ಸಿಎಚ್‌ನವರು ನಡೆಸುವ ಯುಆರ್‌ಎಲ್‌ಹೌಸ್ ಎಂಬ ಯೋಜನೆಯಲ್ಲಿ ಲೋಕದ ನಾನಾ ಕಡೆಯ ಸಂಶೋಧಕರು ವೈರಸ್ ಹಂಚುವ ವಿಳಾಸಗಳನ್ನು ದಿನವೂ ದಾಖಲಿಸುತ್ತಾರೆ, ಅದರಿಂದ ತೆಗೆದ ಪಟ್ಟಿ ಅದು. ಅಂಥ ವಿಳಾಸಕ್ಕೆ ನೇರವಾಗಿ ಹೋದರೆ ಪುಟ ತೆರೆಯುವುದೇ ಇಲ್ಲ, ಈ ಪುಟವನ್ನು ತಡೆಯಲಾಗಿದೆ ಅನ್ನುವ ಎಚ್ಚರಿಕೆ ಬರುತ್ತದೆ. ಮುಂದೆ ಹೋಗುವ ಗುಂಡಿ ಅಲ್ಲೇ ಇರುತ್ತದೆ. ಅವಸರದಲ್ಲಿ ಅದನ್ನು ಒತ್ತಬೇಡಿರಿ ಅಂತ ನಿಮ್ಮ ಹುಡುಗರಿಗೆ ಮೊದಲೇ ಹೇಳಿಡಿ. ಸೆಟ್ಟಿಂಗಿನಲ್ಲಿ ಇಂಡಿಯನ್‌ಲಿಸ್ಟ್ ಅಂತ ನಮ್ಮ ದೇಶದ ಭಾಷೆಗಳ ಸೈಟುಗಳಿಗೆ ಬೇರೆ ಪಟ್ಟಿ ಇದೆ, ಅದಕ್ಕೂ ಟಿಕ್ ಹಾಕಿರಿ.

ಸೆಂಟರ್‌ಗಳಲ್ಲಿ ದಿನಾಲೂ ನಡೆಯುವ ಇನ್ನೊಂದು ಕೆಲಸ ಇದೆ, ಅದರ ಬಗ್ಗೆ ನನಗೆ ಹೆಚ್ಚು ಭಯ. ಫೋಟೋ 50 ಕೆಬಿಗೆ ಇಳಿಸುವುದು, ನಾಲ್ಕು ಅಂಕಪಟ್ಟಿ ಸೇರಿಸಿ ಒಂದು ಪಿಡಿಎಫ್ ಮಾಡುವುದು. ಅದಕ್ಕೆ ಸಿಕ್ಕ ಸಿಕ್ಕ ಉಚಿತ ಸೈಟು ತೆರೆಯುತ್ತೀರಿ. ಆ ಪುಟದಲ್ಲಿ ಮೂರು ಹಸಿರು ‘ಡೌನ್‌ಲೋಡ್’ ಗುಂಡಿ ಇರುತ್ತವೆ, ನಿಮ್ಮ ಫೈಲು ಇಳಿಯುವುದು ಒಂದರಿಂದ ಮಾತ್ರ. ಉಳಿದೆರಡು ಜಾಹೀರಾತು. ಒತ್ತಿದರೆ ‘ನೀವು ರೋಬೋಟ್ ಅಲ್ಲ ಅಂತ ತೋರಿಸಲು ಅಲೋ ಒತ್ತಿ’ ಅನ್ನುತ್ತದೆ. ಒತ್ತಿದಿರೋ, ನೋಟಿಫಿಕೇಶನ್ ಕಳಿಸುವ ಪರವಾನಗಿ ಕೊಟ್ಟಂತಾಯಿತು. ಆಮೇಲೆ ಪರದೆಯ ಬಲಗಡೆ ಮೂಲೆಯಲ್ಲಿ ದಿನವಿಡೀ ‘ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ’ ಅನ್ನುವ ಸುಳ್ಳು ಸೂಚನೆ. ಎಷ್ಟೋ ಅಂಗಡಿಯವರು ಇದನ್ನೇ ವೈರಸ್ ಅಂದುಕೊಂಡು ವಿಂಡೋಸ್ ಮತ್ತೆ ಹಾಕಿಸಿದ್ದಾರೆ, ಬೇಕಿದ್ದುದು ಬ್ರೌಸರ್ ಸೆಟ್ಟಿಂಗಿಗೆ ಹೋಗಿ ಆ ಸೈಟಿನ ನೋಟಿಫಿಕೇಶನ್ ಪರವಾನಗಿ ತೆಗೆಯುವುದು ಅಷ್ಟೇ. ಯುಬ್ಲಾಕ್ ಹಾಕಿದ ಮೇಲೆ ಆ ಸುಳ್ಳು ಗುಂಡಿಗಳು ಹೆಚ್ಚಿನಂಶ ಕಾಣುವುದೇ ಇಲ್ಲ. ಆದರೂ ಹೇಳುತ್ತೇನೆ, ಬಡವರ ಮಕ್ಕಳ ಆಧಾರನ್ನು ಗುರುತಿಲ್ಲದ ಸೈಟಿಗೆ ಏರಿಸಬೇಡಿರಿ. ಫೋಟೋ ಇಳಿಸುವುದು ಪೇಂಟ್‌ನಲ್ಲೇ ಆಗುತ್ತದೆ, ಪಿಡಿಎಫ್ ಮಾಡುವುದು ಲಿಬ್ರೆ ಆಫೀಸಿನಲ್ಲಿ ಆಗುತ್ತದೆ. ಎರಡಕ್ಕೂ ಇಂಟರ್ನೆಟ್ ಬೇಕಿಲ್ಲ. ಉಚಿತ ಕನ್ವರ್ಟರ್ ಸೈಟುಗಳ ಮೂಲಕ ಮಾಲ್‌ವೇರ್ (ಹಾನಿ ಮಾಡುವ ಪ್ರೋಗ್ರಾಂ) ಹರಡುತ್ತಿದೆ ಅಂತ ಎಫ್‌ಬಿಐನ ಡೆನ್ವರ್ ಕಚೇರಿ 2025ರ ಮಾರ್ಚ್‌ನಲ್ಲಿ ಎಚ್ಚರಿಸಿದ್ದೂ ಇದನ್ನೇ.

ಈಗ ಮುಖ್ಯ ಪ್ರಶ್ನೆ: ಈ ಕಾವಲುಗಾರನನ್ನೇ ನಂಬುವುದು ಹೇಗೆ? ಎಕ್ಸ್‌ಟೆನ್ಷನ್ ಹಾಕುವಾಗ ಅದು, ‘ಎಲ್ಲ ವೆಬ್‌ಸೈಟುಗಳಲ್ಲಿ ನಿಮ್ಮ ಡೇಟಾ ಓದುವ, ಬದಲಿಸುವ ಅನುಮತಿ’ ಕೇಳುತ್ತದೆ. ಬ್ಯಾಂಕಿನ ಪುಟವನ್ನೂ ಅದು ಓದಬಲ್ಲದು. ಮನೆ ಕಾವಲಿಗೆ ಇಟ್ಟವನ ಕೈಯಲ್ಲಿ ಎಲ್ಲ ಕೋಣೆಯ ಕೀಲಿ ಇದ್ದ ಹಾಗೆ. ಓಪನ್ ಸೋರ್ಸ್, ಅಂದರೆ ಕೋಡ್ ಎಲ್ಲರಿಗೂ ತೆರೆದಿದ್ದು, ಇರಲೇಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಯುಬ್ಲಾಕ್ ಒರಿಜಿನ್‌ನ ಪ್ರತಿ ಸಾಲು ಕೋಡ್ ಬಹಿರಂಗ. ಅದು ಏನು ಓದುತ್ತದೆ, ಎಲ್ಲಿಗಾದರೂ ಕಳಿಸುತ್ತದೆಯೇ ಅನ್ನುವುದನ್ನು ಬಲ್ಲವರು ತೆರೆದು ನೋಡಬಹುದು, ನೋಡುತ್ತಲೂ ಇದ್ದಾರೆ. ಅದನ್ನು ಬರೆದ ರೇಮಂಡ್ ಹಿಲ್ 2014ರಲ್ಲಿ ಶುರು ಮಾಡಿದ್ದು. 2015ರಲ್ಲಿ ‘ಯುಬ್ಲಾಕ್’ ಹೆಸರಿನ ಮೂಲ ಯೋಜನೆಯನ್ನು ಬೇರೊಬ್ಬರ ಕೈಗೆ ಒಪ್ಪಿಸಿದ ಮೇಲೆ ಅದು ಸಾಗಿದ ದಾರಿ ಅವರಿಗೆ ಸರಿಬರಲಿಲ್ಲ. ಕೋಡ್ ಬಹಿರಂಗವಾಗಿದ್ದರಿಂದ ‘ಒರಿಜಿನ್’ ಹೆಸರಲ್ಲಿ ತಮ್ಮದನ್ನು ಬೇರೆಯಾಗಿ ಮುಂದುವರಿಸಿದರು. ಇವತ್ತಿಗೂ ದೇಣಿಗೆ ತೆಗೆದುಕೊಳ್ಳುವುದಿಲ್ಲ. ಕೋಟಿಗಟ್ಟಲೆ ಜನ ಬಳಸುವ ವಸ್ತುವಿಗೆ ಒಂದು ಪೈಸೆ ಕೇಳದವನ ಮೇಲೆ ನನಗೆ ಬಹಳ ಗೌರವ.

ಹಾಗಂತ ಓಪನ್ ಸೋರ್ಸ್ ಅನ್ನುವ ಹಣೆಪಟ್ಟಿ ಇದ್ದರೆ ಸಾಕು ಅಂತ ಕಣ್ಣು ಮುಚ್ಚಬಾರದು. ದ ಗ್ರೇಟ್ ಸಸ್ಪೆಂಡರ್ ಅಂತ ಒಂದು ಎಕ್ಸ್‌ಟೆನ್ಷನ್ ಇತ್ತು, ಓಪನ್ ಸೋರ್ಸೇ, ಜನಪ್ರಿಯವೇ. 2020ರಲ್ಲಿ ಅದನ್ನು ಕಟ್ಟಿದವರು ಗುರುತಿಲ್ಲದವರಿಗೆ ಮಾರಿದರು. ಹೊಸ ಮಾಲೀಕರು ಬಹಿರಂಗ ಕೋಡಿನಲ್ಲಿ ಇಲ್ಲದ್ದನ್ನು ಕ್ರೋಮ್ ಸ್ಟೋರಿಗೆ ಏರಿಸಿದ ಆವೃತ್ತಿಯಲ್ಲಿ ಸೇರಿಸಿದರು. 2021ರ ಫೆಬ್ರವರಿಯಲ್ಲಿ ಮಾಲ್‌ವೇರ್ ಇದೆ ಅಂತ ಗೂಗಲ್ ಅದನ್ನು ತೆಗೆದುಹಾಕಿತು. ಗಮನಿಸಿರಿ, ಈ ಬದಲಾವಣೆ ಹಿಡಿದವರು ಕೋಡ್ ಹೋಲಿಸಿ ನೋಡಿದ ಬಳಕೆದಾರರು. ಮುಚ್ಚಿದ ಕೋಡ್ ಆಗಿದ್ದರೆ ಹೋಲಿಸಲು ಏನಿತ್ತು? ಹೆಸರು ಕದ್ದವರ ಕಾಟವೂ ಉಂಟು. ಜಾಹೀರಾತು ತಡೆಯುವವರ ವೇಷದಲ್ಲಿ ಕ್ರೋಮ್ ಸ್ಟೋರಿನಲ್ಲಿ ಕೂತ ನಕಲಿಗಳನ್ನು ಒಟ್ಟು 2 ಕೋಟಿಗೂ ಹೆಚ್ಚು ಸಲ ಹಾಕಿಕೊಂಡಿದ್ದಾರೆ ಅಂತ ಆ್ಯಡ್‌ಗಾರ್ಡ್ ಕಂಪನಿ 2018ರಲ್ಲಿ ಬಯಲು ಮಾಡಿತು. ಅದಕ್ಕೇ ಹೆಸರು ಪೂರ್ತಿ ನೋಡಿರಿ, ‘ಒರಿಜಿನ್’ ಇರಬೇಕು, ಕೆಳಗೆ ರೇಮಂಡ್ ಹಿಲ್ ಹೆಸರು ಇರಬೇಕು.

“ಸರ, ನಮ್ಮಲ್ಲಿ ಕ್ರೋಮ್ ಅದ, ಅದಕ್ಕ ಹಾಕಿದ್ರ ನಡೀತದಿಲ್ರಿ?” ಅಂತ ಕೇಳುತ್ತೀರಿ. ಮೊದಲು ನಡೆಯುತ್ತಿತ್ತು. ಗೂಗಲ್ ಮ್ಯಾನಿಫೆಸ್ಟ್ ವಿ3 ಅನ್ನುವ ಹೊಸ ನಿಯಮ ತಂದು, ಪ್ರತಿ ಕರೆಯನ್ನೂ ಎಕ್ಸ್‌ಟೆನ್ಷನ್ ತಾನೇ ಪರೀಕ್ಷಿಸಿ ತಡೆಯುವ ದಾರಿಯನ್ನು ಮುಚ್ಚಿತು. 2024ರಿಂದ ಹಂತ ಹಂತವಾಗಿ ಹಳೆಯ ಎಕ್ಸ್‌ಟೆನ್ಷನ್‌ಗಳನ್ನು ನಿಲ್ಲಿಸುತ್ತ ಬಂತು, ಈಗ ಕ್ರೋಮಿನಲ್ಲಿ ಪೂರ್ಣ ಯುಬ್ಲಾಕ್ ಒರಿಜಿನ್ ಕೆಲಸ ಮಾಡುವುದಿಲ್ಲ. ಅದೇ ಲೇಖಕರ ಯುಬ್ಲಾಕ್ ಒರಿಜಿನ್ ಲೈಟ್ ಇದೆ. ಏನೂ ಇಲ್ಲದ್ದಕ್ಕಿಂತ ಅದು ಎಷ್ಟೋ ಮೇಲು. ಆದರೆ ಅದರ ಪಟ್ಟಿಗಳು ತಾವಾಗಿ ನವೀಕರಣ ಆಗುವುದಿಲ್ಲ, ಎಕ್ಸ್‌ಟೆನ್ಷನ್ನಿನ ಹೊಸ ಆವೃತ್ತಿ ಬಂದಾಗಲೇ ಬದಲಾಗುವುದು. ಮೋಸದ ಸೈಟು ಬೆಳಿಗ್ಗೆ ಹುಟ್ಟಿ ಸಂಜೆ ಸಾಯುವ ಕಾಲದಲ್ಲಿ ಆ ತಡ ದೊಡ್ಡದು. ಹಾಗಾಗಿ ಫೈರ್‌ಫಾಕ್ಸ್ ಅನ್ನುತ್ತೇನೆ. ಯಾವುದೋ ಸರ್ಕಾರಿ ಪೋರ್ಟಲ್ ಕ್ರೋಮಿನಲ್ಲೇ ಸರಿ ಕಾಣುತ್ತದೆ ಅಂದರೆ ಅದೊಂದಕ್ಕೆ ಕ್ರೋಮನ್ನು ಯುಬ್ಲಾಕ್ ಒರಿಜಿನ್ ಲೈಟ್ ಜೊತೆ ಇಟ್ಟುಕೊಳ್ಳಿರಿ, ಹುಡುಕಾಟವೆಲ್ಲ ಫೈರ್‌ಫಾಕ್ಸಿನಲ್ಲಿ.

ಜಾಹೀರಾತು ತಡೆದರೆ ಕನ್ನಡದ ಸುದ್ದಿ ಸೈಟುಗಳು ಬದುಕುವುದು ಹೇಗೆ ಅಂತ ಪತ್ರಕರ್ತ ಮಿತ್ರರು ನನ್ನನ್ನು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ನಂಬಿಕೆಯ ಸೈಟಿಗೆ ಹೋದಾಗ ಯುಬ್ಲಾಕ್‌ನ ದೊಡ್ಡ ನೀಲಿ ಗುಂಡಿ ಒತ್ತಿದರೆ ಆ ಸೈಟಿಗೆ ಮಾತ್ರ ಅದು ಬಂದ್ ಆಗುತ್ತದೆ, ಮನೆಯಲ್ಲಿ ನಾನು ಹಾಗೆ ಮಾಡುತ್ತೇನೆ. ಆದರೆ ಹತ್ತು ಜನರ ಆಧಾರ್ ಹಾದುಹೋಗುವ ಕೌಂಟರಿನಲ್ಲಿ ಮಾಡಬೇಡಿರಿ. 2016ರ ಮಾರ್ಚ್‌ನಲ್ಲಿ ಬಿಬಿಸಿ, ನ್ಯೂಯಾರ್ಕ್ ಟೈಮ್ಸ್‌ನಂಥ ಸೈಟುಗಳಲ್ಲೇ ಜಾಹೀರಾತು ಜಾಲದ ಮೂಲಕ ಮಾಲ್‌ವೇರ್ ನುಸುಳಿತ್ತು. ಪತ್ರಿಕೆ ಪ್ರಾಮಾಣಿಕ, ಅದರ ಪುಟದ ಮೂಲೆಯನ್ನು ಬಾಡಿಗೆಗೆ ಹಿಡಿದವನು ಯಾರು ಅಂತ ಪತ್ರಿಕೆಗೂ ಗೊತ್ತಿರಲಿಲ್ಲ.

ಇದರಿಂದ ಆಗದ ಕೆಲಸಗಳನ್ನೂ ಹೇಳಬೇಕು, ಇಲ್ಲದಿದ್ದರೆ ನಾನು ಸುಳ್ಳು ಧೈರ್ಯ ಹಂಚಿದಂತೆ. ವಾಟ್ಸಾಪಿನಲ್ಲಿ ‘ಪಿಎಂ ಕಿಸಾನ್’, ‘ಆರ್‌ಟಿಒ ಚಲನ್’ ಅಂತ ಬರುವ ಎಪಿಕೆ ಫೈಲನ್ನು (ಆಂಡ್ರಾಯ್ಡ್ ಆ್ಯಪ್ ಹಾಕುವ ಫೈಲು) ಯಾವ ಎಕ್ಸ್‌ಟೆನ್ಷನ್ನೂ ತಡೆಯುವುದಿಲ್ಲ, ಅದು ಬ್ರೌಸರಿನ ಹೊರಗಿನ ದಾರಿ. ಪೊಲೀಸ್ ವೇಷದಲ್ಲಿ ವಿಡಿಯೋ ಕಾಲ್ ಮಾಡುವವರಿಗೂ ಇದು ಅಡ್ಡಿಯಲ್ಲ. ಫೇಸ್‌ಬುಕ್ ಆ್ಯಪಿನ ಒಳಗೇ ತೆರೆಯುವ ಲಿಂಕುಗಳಿಗೂ ಇದು ಅನ್ವಯಿಸುವುದಿಲ್ಲ. ಪಟ್ಟಿಗೆ ಇನ್ನೂ ಸೇರದ ಹೊಸ ಸೈಟು ತಪ್ಪಿಸಿಕೊಂಡು ಬರಬಹುದು. ಇತ್ತೀಚೆಗೆ ಹರಡಿರುವ ಒಂದು ಮೋಸದಲ್ಲಿ ಪುಟವು ‘ವಿಂಡೋಸ್ ಮತ್ತು ಆರ್ ಒತ್ತಿ, ಕಂಟ್ರೋಲ್ ವಿ ಒತ್ತಿ, ಎಂಟರ್ ಒತ್ತಿ’ ಅನ್ನುತ್ತದೆ. ಒತ್ತಿದರೆ ನಿಮ್ಮ ಕೈಯಿಂದಲೇ ವೈರಸ್ ಚಾಲೂ. ಯಾವ ಅಸಲಿ ಸೈಟೂ ಹಾಗೆ ಕೇಳುವುದಿಲ್ಲ. ಸರ್ಕಾರದ ಸೈಟು ಅಂದರೆ ವಿಳಾಸದ ಕೊನೆಗೆ ಗವ್ ಡಾಟ್ ಇನ್ ಇದೆಯೇ ನೋಡಿರಿ. ಬ್ಯಾಂಕುಗಳಿಗೂ ರಿಸರ್ವ್ ಬ್ಯಾಂಕ್ 2025ರಲ್ಲಿ ಬ್ಯಾಂಕ್ ಡಾಟ್ ಇನ್ ಅನ್ನುವ ಪ್ರತ್ಯೇಕ ವಿಳಾಸ ಕಡ್ಡಾಯ ಮಾಡಿದೆ. ದುಡ್ಡು ಹೋಯಿತು ಅಂತ ಯಾರಾದರೂ ಅಳುತ್ತ ಬಂದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಹಚ್ಚಿಸಿರಿ. ತಡ ಮಾಡಿದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ದಾಟುತ್ತ ಹೋಗುತ್ತದೆ.

ಫೋನಿಗೂ ಇದೇ ಮಾತು. ಆಂಡ್ರಾಯ್ಡ್ ಫೈರ್‌ಫಾಕ್ಸಿನಲ್ಲಿ ಯುಬ್ಲಾಕ್ ಒರಿಜಿನ್ ಪೂರ್ಣವಾಗಿ ನಡೆಯುತ್ತದೆ. ಮೆನುವಿನಲ್ಲಿ ಎಕ್ಸ್‌ಟೆನ್ಷನ್ ಒತ್ತಿದರೆ ಅಲ್ಲೇ ಸಿಗುತ್ತದೆ. ಹಾಕಿದ ಮೇಲೆ ಫೈರ್‌ಫಾಕ್ಸನ್ನು ಡೀಫಾಲ್ಟ್ ಬ್ರೌಸರ್ ಮಾಡಿರಿ, ವಾಟ್ಸಾಪಿನಿಂದ ಒತ್ತಿದ ಲಿಂಕೂ ಆಗ ಈ ಕಾವಲಿನ ಮೂಲಕವೇ ತೆರೆಯುತ್ತದೆ.

ಹೊಸದು ಹಾಕುವ ಮೊದಲು ಹಳೆಯ ಕಸ ತೆಗೆಯಬೇಕು. ನಿಮ್ಮ ಈಗಿನ ಬ್ರೌಸರಿನ ಎಕ್ಸ್‌ಟೆನ್ಷನ್ ಪಟ್ಟಿ ತೆರೆದು ನೋಡಿರಿ. ಕೂಪನ್ ಹುಡುಕುವುದು, ವಿಡಿಯೋ ಇಳಿಸುವುದು, ಯಾರು ಹಾಕಿದರೋ ಗೊತ್ತಿಲ್ಲದ ‘ಸರ್ಚ್ ಹೆಲ್ಪರ್’, ಇಂಥವೆಲ್ಲ ತೆಗೆದುಬಿಡಿ. ಯಾವುದು ಇಡಬೇಕು, ಯಾವುದು ಬಿಡಬೇಕು ಅಂತ ಗೊತ್ತಾಗದಿದ್ದರೆ ಆ ಪಟ್ಟಿಯ ಸ್ಕ್ರೀನ್‌ಶಾಟ್ ಇನ್‌ಬಾಕ್ಸಿಗೆ ಕಳಿಸಿರಿ, ನೋಡಿ ಹೇಳುತ್ತೇನೆ. ಜೇವರ್ಗಿ ರೋಡ್, ಸೂಪರ್ ಮಾರ್ಕೆಟ್, ಗಂಜ್ ಕಡೆಯ ಅಂಗಡಿಯಾದರೆ ಕಾಲೇಜು ಬಿಟ್ಟ ಮೇಲೆ ನಾನೇ ಬಂದು ಹಾಕಿಕೊಡುತ್ತೇನೆ.